ಸದ್ದಿನ ದೂರುಗಳ ಕುಶಾಲಪ್ಪ

ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಸೊಸೈಟಿಯಲ್ಲಿ ಸದ್ದಿನ ದೂರು ಏನೇ ಇದ್ದರೂ ಅದು ಆಫೀಸಿನ ಕುಶಾಲಪ್ಪನ ಮೇಜಿಗೇ ಹೋಗಬೇಕು. ಮೇಲಿನ ಮನೆಯವರು ಮಂಚ ಎಳೆಯುತ್ತಾರೆ ಎಂದು ನೀವು ಕೂಗಾಡಿದರೆ, ಆತ ಶಾಂತವಾಗಿ "ಅಚ್ಛಾ, ಮನೇಲಿ ಇನ್ಯಾರಿಗೆ ಕೇಳಿಸ್ತು?" ಅನ್ನುತ್ತಾನೆ. ಇಬ್ಬರಿಗೆ ಕೇಳಿಸಿದ್ದರೆ ದೂರು ಬರೆದುಕೊಳ್ಳುತ್ತಾನೆ, ಒಬ್ಬರಿಗೇ ಆದರೆ ಚಹಾ ತರಿಸಿ, "ನಿದ್ದೆ ಸರಿಯಾಗಿ ಬರ್ತಿದೆಯಾ?" ಎಂದು ವಿಚಾರಿಸುತ್ತಾನೆ. ನಿವೃತ್ತ ಕರ್ನಲ್ ಒಬ್ಬರಿಗೂ ಈ ಚಹಾ ಸಿಕ್ಕಿದೆ. ಸ್ಕಿಜೋಫ್ರೇನಿಯಾಕ್ಕೆ ಹನ್ನೊಂದು ವರ್ಷದಿಂದ ಮಾತ್ರೆ ನುಂಗುತ್ತಿರುವ ಕುಶಾಲಪ್ಪ ಈ ನಿಯಮವನ್ನು ಆಸ್ಪತ್ರೆಯಲ್ಲಿ ಕಲಿತು ಬಂದವನು, ಅದನ್ನೇನೂ ಮುಚ್ಚಿಡುವುದಿಲ್ಲ. ದೀಪಾವಳಿಯ ಪಟಾಕಿಗೆ ಇಡೀ ಟವರ್ ಕಿವಿ ಮುಚ್ಚಿಕೊಂಡಿದ್ದಾಗ ಅವನೊಬ್ಬ ನೆಮ್ಮದಿಯಾಗಿ ಓಡಾಡುತ್ತಿದ್ದ, ಎಲ್ಲರಿಗೂ ಕೇಳಿಸುತ್ತಿದೆಯಲ್ಲ ಎಂದು. ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಎದುರು ನಿಂತು, ತುಟಿ ಕಾಣುವಂತೆ ಕರೆಯಬೇಕು. ತರಕಾರಿ ಭಯ್ಯಾ ಕೂಡ ಗಾಡಿ ಬಿಟ್ಟು ಮುಂದೆ ಬಂದು ನಿಂತೇ "ಟಮಾಟರ್" ಅನ್ನುತ್ತಾನೆ. ಕುಶಾಲಪ್ಪನ ತಾಯಿ ಬೊಳ್ಳಮ್ಮನಿಗೆ ವಿಪರೀತ ಮಂಡಿನೋವು. ಆದರೂ ಕಾಫಿಗೆ ಅಡುಗೆಮನೆಯಿಂದ ಕೂಗುವುದಿಲ್ಲ; ಗೋಡೆ ಹಿಡಿದುಕೊಂಡು ಹಾಲ್‌ಗೆ ಬಂದು, ಮಗನೆದುರು ನಿಂತು ಕರೆಯುತ್ತಾರೆ. ಅಲ್ಲಿಂದಲೇ ಒಂದು ಕೂಗು ಹಾಕಬಾರದೇ ಎಂದು ನಾನೊಮ್ಮೆ ಕೇಳಿದೆ. "ಕಾಯಿಲೆ ಜೋರಾಗಿದ್ದಾಗ ಅವನಿಗೆ ಕೇಳಿಸ್ತಿದ್ದದ್ದು ನನ್ನ ಧ್ವನೀನೇ," ಅಂದರು. "ಬಾಲ್ಕನಿ ದಾಟಿ ಬಾ ಅಂತಿದ್ದೆನಂತೆ."