ಮಿಕ್ಸಿ ಅಕ್ಕ ಮತ್ತು ಡ್ರೋನಿನ ಸ್ವಿಚ್ಚು

ಸೀತಾಂಗೋಳಿಯಲ್ಲಿ ನನ್ನ ಸ್ಟುಡಿಯೋದ ಪಕ್ಕದಲ್ಲಿ ಮಿಕ್ಸಿ ರಿಪೇರಿ ಮಾಡುವ ಅಕ್ಕ ಒಬ್ಬರಿದ್ದರು. ಸರಿಮಾಡಿದ ಮಿಕ್ಸಿಯ ಗುಂಡಿಯನ್ನು ಕಣ್ಣು ಮುಚ್ಚಿಕೊಂಡು ತಿರುಗಿಸಿ ನೋಡುವರು. “ಕೈಗೆ ಗೊತ್ತಾಗಬೇಕು” ಎನ್ನುವುದು ಅವರ ಮಾತು.

ಮದುವೆಗಳ ವಿಡಿಯೋಕ್ಕೆಂದು ನಾನು ಕೊಂಡ ಡ್ರೋನ್ ಮೊದಲ ವಾರವೇ ಪೆರ್ಲದ ಗದ್ದೆಗೆ ಬಿತ್ತು. ಅದನ್ನು ವಾಪಸ್ ಕರೆಸುವ ಸ್ವಿಚ್ಚೂ ಮೋಟಾರು ನಿಲ್ಲಿಸುವ ಸ್ವಿಚ್ಚೂ ರಿಮೋಟಿನಲ್ಲಿ ಅಕ್ಕಪಕ್ಕ, ಒಂದೇ ಆಕಾರ. ನಾನು ತಪ್ಪಿ ಎರಡನೆಯದನ್ನು ಒತ್ತಿದ್ದೆ.

ಮುರಿದ ಡ್ರೋನನ್ನು ಅವರ ಮುಂದಿಟ್ಟು, “ನನ್ನದೇ ತಪ್ಪು ಅಕ್ಕ” ಎಂದೆ.

“ನಿನ್ನದೆಂತ ತಪ್ಪು ಮಾರಾಯ? ಆಕಾಶ ನೋಡುವವ ಸ್ವಿಚ್ಚು ನೋಡುವುದು ಹೇಗೆ?”

ಡ್ರೋನನ್ನು ಸರಿಮಾಡಿ, ವಾಪಸ್ ಕರೆಸುವ ಸ್ವಿಚ್ಚಿಗೆ ಅಂಗಿಯ ಗುಂಡಿಯೊಂದನ್ನು ಅಂಟಿಸಿಕೊಟ್ಟರು.

ಮುಂದಿನ ಮದುವೆಯಲ್ಲಿ ಬಿಸಿಲು ಕಣ್ಣಿಗೆ ಹೊಡೆದು, ಡ್ರೋನ್ ಊಟದ ಸಾಲಿನ ಮೇಲಿಂದ ತೆಂಗಿನ ಮರಗಳತ್ತ ಸರಿಯಿತು. ನನ್ನ ಬೆರಳು ತಾನಾಗಿಯೇ ಆ ಗುಂಡಿಯನ್ನು ಮುಟ್ಟಿ ಒತ್ತಿತು. ಡ್ರೋನ್ ಹಿಂದಿರುಗಿ ಕಾಲ ಬಳಿ ಮೆಲ್ಲನೆ ಇಳಿಯಿತು.

ಮರುದಿನ ರಿಮೋಟನ್ನು ಅಕ್ಕನ ಕೈಗೇ ಕೊಟ್ಟೆ. ತಮ್ಮ ಅಂಗಡಿಯ ಮೇಲೆ ಡ್ರೋನ್ ಹಾರಿಸುತ್ತ ರಿಮೋಟಿನ ಪರದೆಯನ್ನು ನೋಡಿದರು.

“ನಮ್ಮ ಮಾಡಿನಲ್ಲಿ ಎರಡು ಹಂಚು ಒಡೆದದ್ದು ಉಂಟು” ಎಂದು ನಕ್ಕರು. “ಅದನ್ನು ನಾಳೆ ನೋಡುವ. ಈಗ ಇನ್ನೊಂದು ಸುತ್ತು ಹೋಗಲಿ.”