ಉಪ್ಪು ಹಾಕಿದ ಗಂಜಿ

ಎಣ್ಣೆ ತಿಕ್ಕುವಾಗ ನಮ್ಮ ಮಾವನವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಎಣ್ಣೆ ಬಟ್ಟಲನ್ನು ಒಳಗಿಟ್ಟು ಬಂದು ನೋಡಿದರೂ ಆ ಗುಳಿ ಹಾಗೇ ಇರುತ್ತಿತ್ತು. ನಮ್ಮ ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನಮ್ಮ ಬೀದಿಯಲ್ಲಿ ಯಾರೂ ಅದಕ್ಕೆ ಹೆದರಲಿಲ್ಲ. ರೇಷ್ಮೆ ನೇಯುವವರೆಲ್ಲ ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವವರೇ. ಕಾಲು ಊದಿದರೆ ಗುಂಡಿಯ ತಂಡಿ ಅನ್ನುತ್ತಿದ್ದರು. ನಾನೂ ಅಂದೆ.

ಹೊನ್ನೂರಿನಿಂದ ಸೊಸೆಯಾಗಿ ಬಂದವಳು ನಾನು. ಅತ್ತೆ ಇಲ್ಲದ ಮನೆ. ಒಲೆ, ರಾಟೆ, ಮಕ್ಕಳು, ಎಲ್ಲ ನನ್ನ ತಲೆಗೇ. ಸಾಕಪ್ಪಾ ಸಾಕು ಅನ್ನಿಸುವಾಗ ಮಾವ ಮಗ್ಗದಿಂದಲೇ ಕೂಗುತ್ತಿದ್ದರು: “ಕುಂತ್ಕೊ ಕಣವ್ವ ಒಂದ್ ಗಳಿಗೆ. ಒಲೆ ಎಲ್ಲೂ ಓಡೋಗಲ್ಲ.” ಆ ಮನೆಯಲ್ಲಿ ನನ್ನನ್ನು ಕೂರು ಅಂದವರು ಅವರೊಬ್ಬರೇ. ಹೇಳಿ, ಬಿಗಿದ ನೂಲನ್ನು ಅಂಗೈಯಲ್ಲಿ ಮೆಲ್ಲಗೆ ತಟ್ಟಿ ನೋಡಿ, ಮತ್ತೆ ಲಾಳಿ ಎಸೆಯುತ್ತಿದ್ದರು.

ಅವರು ಸುಸ್ತು ಅಂದಾಗೆಲ್ಲ ನಾನು ಗಂಜಿ ಬಸಿದು, ಹರಳುಪ್ಪು ಒಂದಿಷ್ಟು ಹೆಚ್ಚಿಗೇ ಹಾಕಿ, ಲೋಟದ ತುಂಬ ಕೊಡುತ್ತಿದ್ದೆ. ಒಂದು ವರ್ಷ ಕೊಟ್ಟೆ. ಸುಸ್ತು ಹೆಚ್ಚಿತು, ನಾನು ಗಂಜಿ ಹೆಚ್ಚಿಸಿದೆ. ಕೊನೆಗೆ ಜಗಲಿ ಹತ್ತಿದರೂ ಏದುಸಿರು. ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವರು.

ಆಗ ಡಾಕ್ಟರನ್ನು ಕರೆಸಿದೆವು. ತೋಳಿಗೆ ಪಟ್ಟಿ ಸುತ್ತಿ, ಪಾದರಸ ಏರಿದ್ದು ನೋಡಿ ಅವರ ಮುಖ ಸಪ್ಪಗಾಯಿತು. “ಬ್ಲಡ್ ಪ್ರೆಶರು. ಆ ಒತ್ತಡಕ್ಕೆ ಎದುರಾಗಿ ವರ್ಷಗಟ್ಟಲೆ ರಕ್ತ ತಳ್ಳಿ ಹೃದಯ ದಪ್ಪವಾಗಿದೆ. ಈಗ ಸೋತಿದೆ. ಅದಕ್ಕೇ ಕಾಲಲ್ಲಿ ನೀರು.”

ಮಾವ ತಲೆಯಾಡಿಸಿದರು. “ನೂಲು ಜಾಸ್ತಿ ಬಿಗಿಯಾಗಿದ್ರೆ ನೇಯೋನ ತೋಳೂ ಅಂಗೇ ಸಾ. ಮೊದ್ಲು ದಪ್ಪಾಯ್ತದೆ, ಆಮ್ಯಾಕೆ ಸೋತೋಯ್ತದೆ. ಮಗ್ಗದಾಗಾದ್ರೆ ಸಡ್ಲ ಮಾಡಕ್ಕೆ ಗೂಟ ಅದೆ. ಇದ್ಕೇನದೆ?”

ಡಾಕ್ಟರು ಪಟ್ಟಿಯನ್ನು ನಿಧಾನವಾಗಿ ಸುತ್ತಿಟ್ಟರು. “ಮಗ್ಗಕ್ಕೆ ಇಳಿಯಬೇಡಿ. ಉಪ್ಪು ಪೂರ್ತಿ ಬಿಡಿ. ಉಪ್ಪು ನೀರನ್ನು ಹಿಡಿದಿಡುತ್ತದೆ.”

ಡಾಕ್ಟರು ಹೋದ ಮೇಲೆ ಅತ್ತುಬಿಟ್ಟೆ. “ಗಂಜಿ ಕೊಟ್ಟೋಳು ನಾನೇ ಅಲ್ವಾ ಮಾವ?”

“ಗ್ಯಾನ ಇಲ್ವಾ ನಿಂಗೆ? ಇಷ್ಟು ವರ್ಷ ಬಿಗಿದಿದ್ದು ನಿನ್ ಒಂದ್ ವರ್ಷದ್ ಗಂಜೀಲಾ? ಅಳೋದ್ ಬುಟ್ಟು ಕುಂತ್ಕೊ ಅತ್ಲಾಗೆ.”

ಅಂದಿನಿಂದ ಅವರಿಗೆ ಬೇರೆ ಮಡಕೆ. ಸಪ್ಪೆ ಮುದ್ದೆ, ಸಪ್ಪೆ ಸಾರು. “ಉಪ್ಪಿಲ್ಲದ ಉಪ್ಪುಸಾರು ಮಾಡೋಳು ಈ ತಾಲ್ಲೂಕಿಗೆ ನೀನೊಬ್ಳೇ” ಎಂದು ರೇಗಿಸುತ್ತಲೇ ನುಂಗುತ್ತಿದ್ದರು. ಎರಡೆರಡು ಅಡುಗೆ ಮಾಡಿ ನಾನು ಬೆಂದು ಹೋಗಿದ್ದೆ. ಅವರೂ ಕೂತು ಕೂತು ದಣಿದಿದ್ದರು. ಊತ ಸ್ವಲ್ಪ ಇಳಿದು, ಮತ್ತೆ ಏರಿತು.

ಒಂದು ಮಧ್ಯಾಹ್ನ, ಗೋಡೆಗೆ ಒರಗಿದ್ದವರು ಕರೆದರು. “ಆ ಗಂಜಿ ಒಂದ್ ಗುಟುಕು ಕೊಡವ್ವ. ಉಪ್ಪಾಕಿ.”

“ಆಗಲ್ಲ ಮಾವ” ಅಂದೆ. ದಣಿವಿಗೋ ಭಯಕ್ಕೋ, ದನಿ ಒರಟಾಗಿತ್ತು.

“ಆಯ್ತು ಬುಡು. ಕುಂತ್ಕೊ ನೀನು.”

ಕೂರಲಿಲ್ಲ, ಮುಸುರೆ ಪಾತ್ರೆ ಬಿದ್ದಿದ್ದವು. ತೊಳೆದು ಬಂದಾಗ ಮಾವ ಹಾಗೇ ಗೋಡೆಗೆ ಒರಗಿದ್ದರು. ಉಸಿರಿರಲಿಲ್ಲ.

ಕೊಡಬಾರದಾಗ ಲೋಟಗಟ್ಟಲೆ ಕೊಟ್ಟೆ; ಕೊಟ್ಟಿದ್ದರೂ ಏನೂ ಕೆಡುತ್ತಿರಲಿಲ್ಲ ಅನ್ನುವಾಗ ಒಂದು ಗುಟುಕು ಕೊಡಲಿಲ್ಲ. ನನಗೂ ಈಗ ವಯಸ್ಸಾಯಿತು. ಗಂಜಿ ಬಸಿದಾಗಲೆಲ್ಲ ಒಂದು ಲೋಟಕ್ಕೆ ಉಪ್ಪು ಹಾಕಿ ಆ ಗೋಡೆಯ ಪಕ್ಕ ಇಡುತ್ತೇನೆ. ಇಟ್ಟು, ಅದು ಆರುವವರೆಗೆ ಅಲ್ಲೇ ಕೂರುತ್ತೇನೆ.