ಪೆನ್ನು ಕೆಳಗಿಟ್ಟ ಮೇಲೆ

ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ಅನುತ್ತೀರ್ಣಳಾದ ಮೊಮ್ಮಗಳನ್ನು ಪೂರಕ ಪರೀಕ್ಷೆಗೆ ಸಿದ್ಧಗೊಳಿಸುವ ಹೊಣೆ, ಆ ಬೇಸಿಗೆಯಲ್ಲಿ, ನಿವೃತ್ತ ಉಪನ್ಯಾಸಕನಾದ ನನ್ನ ಪಾಲಿಗೆ ಬಂತು. ಇದರಲ್ಲೂ ತಪ್ಪಿದರೆ ಅವಳ ಒಂದು ವರ್ಷ ಮಣ್ಣುಪಾಲು. ರಾಜಾಜಿನಗರದ ನಮ್ಮ ಮನೆಯ ವರಾಂಡದಲ್ಲಿ ಸಂಜೆ ಪಾಠ ಆರಂಭವಾಯಿತು.

ಮಿಕ್ಕ ಅಧ್ಯಾಯಗಳು ಹೇಗೋ ಸಾಗಿದವು. ವಿದ್ಯುತ್ಕಾಂತೀಯ ಪ್ರೇರಣೆಯಲ್ಲಿ ಬಂಡಿ ಹೂತಿತು. ಕಾಂತಕ್ಷೇತ್ರದಲ್ಲಿ ತಂತಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಎಷ್ಟು ಹುಟ್ಟಿತು, ಯಾವ ದಿಕ್ಕಿಗೆ ಹರಿಯಿತು ಎಂಬುದೇ ಲೆಕ್ಕ. ಎಷ್ಟು ಎಂಬುದನ್ನು ಅವಳು ಸರಿಯಾಗಿಯೇ ಬರೆಯುತ್ತಿದ್ದಳು. ದಿಕ್ಕು ಮಾತ್ರ ಸದಾ ತಿರುಗುಮುರುಗು. ಅಪರೂಪಕ್ಕೆ ತಪ್ಪಿದ್ದರೆ ಅಜಾಗರೂಕತೆ ಎನ್ನಬಹುದಿತ್ತು; ಇವಳು ವ್ರತ ಹಿಡಿದವಳಂತೆ ತಪ್ಪುತ್ತಿದ್ದಳು.

“ಬಲಗೈ ನಿಯಮ ಹೇಳು.”

“ಹೆಬ್ಬೆರಳು ತಂತಿ ಹೋಗೋ ಕಡೆ, ತೋರುಬೆರಳು ಕಾಂತಕ್ಷೇತ್ರದ ಕಡೆ, ಮಧ್ಯದ ಬೆರಳು ತೋರ್ಸೋದು ಕರೆಂಟು.”

“ಮತ್ತೆ ಉತ್ತರ ಯಾಕೆ ಉಲ್ಟಾ?”

“ನಾನೂ ಅದನ್ನೇ ಕೇಳ್ತಿದೀನಿ ತಾತ!”

ಒಳಗಿನಿಂದ ನನ್ನ ಪತ್ನಿ, “ಮಗೂನ್ ಯಾಕೆ ಬೈತೀರಿ? ನೀವು ಹೇಳ್ಕೊಡೋದೇ ಉಲ್ಟಾ ಇರ್ಬೇಕು” ಎಂದಳು.

ಈಸಿಚೇರಿನಲ್ಲಿ ಒರಗಿ, ಮೊಮ್ಮಗಳು ಬರೆದು ತಂದ ಉತ್ತರವನ್ನಷ್ಟೇ ನೋಡುತ್ತಿದ್ದ ನನಗೆ ತಾಳ್ಮೆ ಕರಗುತ್ತಿತ್ತು. ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಕಾರಣವನ್ನೇ ವಿರೋಧಿಸುತ್ತದೆ ಎಂದು ಮೊದಲಿನಿಂದ ವಿವರಿಸಿದೆ. ಅವಳು ತಲೆಯಾಡಿಸಿ, ಮತ್ತೆ ತಪ್ಪು ದಿಕ್ಕಿಗೇ ಬಾಣ ಎಳೆದಳು. ಅಷ್ಟರಲ್ಲಿ ಬೀದಿಯ ಕರೆಂಟೇ ಹೋಯಿತು.

“ತಾತ, ಇದು ಯಾವ ದಿಕ್ಕಿಗೆ ಹೋಯ್ತು?”

ನಾನು ಎದ್ದು ಸಂಧ್ಯಾವಂದನೆಗೆ ಹೋದೆ. ದೀಪ ಹಚ್ಚಿ, ದೇವರ ಮುಂದೆ ಕುಳಿತರೂ ಮನಸ್ಸಿನಲ್ಲಿ ಆ ಬಾಣವೇ ಅಡ್ಡ ನಿಂತಿತ್ತು. ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ವರಾಂಡಕ್ಕೆ ಬಂದಾಗ, ಮೇಣದಬತ್ತಿಯ ಬೆಳಕಿನಲ್ಲಿ ಬರೆಯುತ್ತಿದ್ದವಳು ತಲೆಯೆತ್ತದೆ ಎಡಗೈ ಚಾಚಿದಳು.

“ತೀರ್ಥಕ್ಕೆ ಎಡಗೈಯೇನೇ!”

“ಬಲಗೈಲಿ ಪೆನ್ ಇದೆಯಲ್ಲ ತಾತ.”

ತೀರ್ಥ ತುಂಬಿದ ಉದ್ಧರಣೆ ನನ್ನ ಕೈಯಲ್ಲೇ ನಿಂತಿತು. “ನಿಯಮಕ್ಕೆ ಯಾವ ಕೈ ಹಿಡೀತೀಯ? ತೋರಿಸು.”

ಎಡಗೈಯ ಮೂರು ಬೆರಳುಗಳು ಅಚ್ಚುಕಟ್ಟಾಗಿ ಮೇಲೆದ್ದವು. ಬಲಗೈ ನಿಯಮವನ್ನು ಬಾಯಲ್ಲಿ ಪಠಿಸುತ್ತ, ಬರೆಯುವ ಕೈಗೆ ಬಿಡುವಿಲ್ಲವೆಂದು ಎಡಗೈಯಲ್ಲಿ ಆಚರಿಸುತ್ತಿದ್ದಳು! ನಾನು ಅಷ್ಟೆಲ್ಲ ಕಂಠಶೋಷಣೆ ಮಾಡಿದ್ದು ಕೆಳಗಿಡದ ಒಂದು ಪೆನ್ನಿನ ಸಲುವಾಗಿ.

“ಮೊದಲು ಪೆನ್ನು ಕೆಳಗಿಡು” ಎಂದೆ. ಬಲಗೈಯಲ್ಲಿ ತೀರ್ಥ ಕುಡಿದು, ಅದೇ ಕೈಯನ್ನು ತಿರುಗಿಸಿ ನೋಡಿ, ಹಳೆಯ ಬಾಣಗಳನ್ನೆಲ್ಲ ಅವಳೇ ಹೊಡೆದುಹಾಕಿ ತಿದ್ದಿದಳು.

ಪರೀಕ್ಷೆಯ ದಿನ ಬಾಗಿಲಲ್ಲೇ ಕಾದಿದ್ದೆ. “ಆ ಲೆಕ್ಕ ಬಂದಿತ್ತಾ?”

“ಬಂದಿತ್ತು. ಪೆನ್ ಕೆಳಗಿಟ್ಟು ಬೆರಳು ತಿರುಗಿಸ್ತಿದ್ದೆ. ಮೇಲ್ವಿಚಾರಕರು ಓಡಿ ಬಂದು, ‘ಯಾರಿಗಮ್ಮ ಸನ್ನೆ ಮಾಡ್ತಿದೀಯ?’ ಅಂದ್ರು.”

“ನೀನೇನಂದೆ?”

“ಕರೆಂಟಿಗೆ ಸಾರ್, ಅಂದೆ. ಸುಮ್ಮನೆ ಹೋದ್ರು.”

ಅವಳು ತೇರ್ಗಡೆಯಾದಳು. ತೀರ್ಥಕ್ಕೆ ಮಾತ್ರ ಇಂದಿಗೂ ಒಮ್ಮೊಮ್ಮೆ ಎಡಗೈಯನ್ನೇ ಚಾಚುತ್ತಾಳೆ.